ಫೋಟೋ ಕೆಳಗೆ ಒಂದು ಹೆಸರು

ಕಳೆದ ಮಳೆಗಾಲದಲ್ಲಿ ನಮ್ಮ ಗೆಳೆಯನೊಬ್ಬ ಒಂದು ಫೋಟೋ ತೆಗೆದ. ಹಳ್ಳ ತುಂಬಿ ಸೇತುವೆ ಮೇಲೆ ನೀರು ಹರಿಯುತ್ತಿತ್ತು. ಹೈಸ್ಕೂಲ್ ಹುಡುಗಿಯರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಒಬ್ಬರ ರಟ್ಟೆ ಒಬ್ಬರು ಹಿಡಿದುಕೊಂಡು ದಾಟುತ್ತಿದ್ದರು. ಇವನು ಮೊಣಕಾಲುದ್ದ ನೀರಿನಲ್ಲಿ ನಿಂತು ಆ ಫೋಟೋ ತೆಗೆದಿದ್ದ. ಸಂಜೆಯೊಳಗೆ ಅದು ಸುತ್ತಲ ಊರುಗಳ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಮರುದಿನ ಒಂದು ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಕಾಲಂ ಅಗಲಕ್ಕೆ ಅಚ್ಚಾಯಿತು. ಅವನ ಹೆಸರು ಎಲ್ಲೂ ಇರಲಿಲ್ಲ. ದುಡ್ಡಿನ ಮಾತಂತೂ ಬಿಡಿ.

ಫೋನ್ ಮಾಡಿ ಕೇಳಿದ. ಆ ಕಡೆಯಿಂದ ಬಂದ ಉತ್ತರ ಇಷ್ಟೇ: "ವಾಟ್ಸಾಪಲ್ಲಿ ಬಂದಿತ್ತು. ಯಾರು ತೆಗೆದದ್ದೋ ನಮಗೆ ಹೇಗೆ ಗೊತ್ತಾಗಬೇಕು?"

ಆ ರಾತ್ರಿ ನಾವೆಲ್ಲ ಅವನ ಮನೆ ಜಗಲಿಯಲ್ಲಿ ಕೂತು ಇದನ್ನೇ ಮಾತಾಡಿದೆವು. "ಹೋಗಲಿ ಬಿಡೋ, ಒಂದು ಫೋಟೋ ತಾನೆ" ಅಂದವರೂ ನಮ್ಮಲ್ಲಿದ್ದರು. ನಾವು ಹಾಗೆ ಬಿಡಬಾರದು ಎಂದು ಈ ಬರಹ. ಇದಕ್ಕೆ ನಮಗೆ ನೆನಪಾದದ್ದು ನಮ್ಮ ನಾಡಿನವರಲ್ಲ, ನಮ್ಮ ಕಾಲದವರೂ ಅಲ್ಲ. ಸುಮಾರು 120 ವರ್ಷಗಳ ಹಿಂದೆ ಅಮೆರಿಕದಲ್ಲಿ ಪತ್ರಿಕೆಯ ನೌಕರಿಗೆ ಸೇರಿದ ಒಬ್ಬ ಫೋಟೋಗ್ರಾಫರ್. ಹೆಸರು ಜೆಸ್ಸಿ ಟಾರ್‌ಬಾಕ್ಸ್ ಬೀಲ್ಸ್. ಅಮೆರಿಕದ ಮೊದಲ ಮಹಿಳಾ ಸುದ್ದಿ ಛಾಯಾಗ್ರಾಹಕಿ ಎಂದು ಇವರನ್ನು ಕರೆಯುತ್ತಾರೆ. ನಮಗೆ ಇಲ್ಲಿ ಬೇಕಾದದ್ದು ಆ "ಮೊದಲ" ಎಂಬ ಬಿರುದಲ್ಲ. ಅವರಿಗೆ ಹೆಸರು ಹೇಗೆ ಸಿಕ್ಕಿತು, ಆಮೇಲೆ ಅವರ ಚಿತ್ರಗಳು ಏನಾದವು ಎಂಬುದು.

ಟೀಚರ್ ಕೈಗೆ ಬಂದ ಕ್ಯಾಮೆರಾ

ಜೆಸ್ಸಿ ಹುಟ್ಟಿದ್ದು 1870ರ ಡಿಸೆಂಬರಿನಲ್ಲಿ, ಕೆನಡಾದ ಹ್ಯಾಮಿಲ್ಟನ್ ಎಂಬ ಊರಿನಲ್ಲಿ. ಅಪ್ಪನಿಗೆ ಹೊಲಿಗೆ ಯಂತ್ರದ ವ್ಯವಹಾರ. ಯಂತ್ರಗಳ ಪೇಟೆಂಟ್ ಅವಧಿ ಮುಗಿದ ಮೇಲೆ ವ್ಯವಹಾರ ಬಿತ್ತು, ಅಪ್ಪ ಕುಡಿತಕ್ಕೆ ಬಿದ್ದ, ಮನೆ ಒಡೆಯಿತು. ಹುಡುಗಿ ಓದಿನಲ್ಲಿ ಚುರುಕು. 17ನೇ ವಯಸ್ಸಿಗೇ ಟೀಚರ್ ಸರ್ಟಿಫಿಕೇಟ್ ಪಡೆದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್‌ಬರ್ಗ್ ಎಂಬ ಚಿಕ್ಕ ಊರಿಗೆ ಹೋದರು. ಒಂದೇ ಕೋಣೆಯ ಶಾಲೆ. ನಮ್ಮ ಏಕೋಪಾಧ್ಯಾಯ ಶಾಲೆ ಇದ್ದ ಹಾಗೆ.

1888ರಲ್ಲಿ "ಯೂತ್ಸ್ ಕಂಪ್ಯಾನಿಯನ್" ಎಂಬ ಪತ್ರಿಕೆಗೆ ಚಂದಾದಾರರನ್ನು ಮಾಡಿಸಿದ್ದಕ್ಕೆ ಬಹುಮಾನವಾಗಿ ಒಂದು ಪುಟ್ಟ ಕ್ಯಾಮೆರಾ ಬಂತು. ಅಷ್ಟೇನೂ ಒಳ್ಳೆಯ ಕ್ಯಾಮೆರಾ ಅಲ್ಲ. ಆದರೆ ಹುಚ್ಚು ಹಿಡಿಸುವುದಕ್ಕೆ ಸಾಕಾಯಿತು. ಸ್ವಲ್ಪ ದಿನಕ್ಕೇ ದುಡ್ಡು ಕೊಟ್ಟು ಕೊಡಾಕ್ ಕ್ಯಾಮೆರಾ ಕೊಂಡರು. ಮನೆ ಮುಂದೆಯೇ ಸ್ಟುಡಿಯೋ ಶುರು ಮಾಡಿದರು. ಆ ಊರಿಗೆ ಅದೇ ಮೊದಲ ಸ್ಟುಡಿಯೋ. ಹತ್ತಿರದ ಕಾಲೇಜಿನ ಹುಡುಗಿಯರು ಫೋಟೋ ತೆಗೆಸಿಕೊಳ್ಳಲು ಬರುತ್ತಿದ್ದರು.

1893ರಲ್ಲಿ ಷಿಕಾಗೋದಲ್ಲಿ ದೊಡ್ಡ ವಿಶ್ವ ಮೇಳ ನಡೆಯಿತು. ಅಲ್ಲಿಗೆ ಹೋದಾಗ ಕ್ಯಾಮೆರಾ ಹಿಡಿದ ಇಬ್ಬರು ಹೆಂಗಸರು ಸಿಕ್ಕರು: ಫ್ರಾನ್ಸಿಸ್ ಬೆಂಜಮಿನ್ ಜಾನ್‌ಸ್ಟನ್ ಮತ್ತು ಗರ್ಟ್ರೂಡ್ ಕೇಸೆಬಿಯರ್. ಹೆಂಗಸು ಫೋಟೋ ತೆಗೆದು ಬದುಕಬಹುದು ಎಂದು ಯಾರೋ ಹೇಳುವುದು ಬೇರೆ, ಹಾಗೆ ಬದುಕುತ್ತಿರುವವರನ್ನು ಎದುರಿಗೆ ಕಾಣುವುದು ಬೇರೆ. ನಮ್ಮಲ್ಲಿ ಹಲವರು ಪತ್ರಿಕೋದ್ಯಮ ಓದಲು ಹೋದದ್ದೂ ಹೀಗೇ, ನಮ್ಮಂಥ ಊರಿಂದ ಬಂದ ಯಾರೋ ಒಬ್ಬರನ್ನು ನೋಡಿ.

1897ರಲ್ಲಿ ಆಲ್ಫ್ರೆಡ್ ಬೀಲ್ಸ್ ಎಂಬುವರ ಜೊತೆ ಮದುವೆಯಾಯಿತು. ಅವರು ಕಾರ್ಖಾನೆಯಲ್ಲಿ ಯಂತ್ರಗಳ ಕೆಲಸದವರು. ಜೆಸ್ಸಿ ಗಂಡನಿಗೆ ಫೋಟೋ ತೊಳೆಯುವುದು, ಅಚ್ಚು ಹಾಕುವುದು ಕಲಿಸಿದರು. 1900ರಲ್ಲಿ ಇಬ್ಬರೂ ಊರೂರು ಸುತ್ತುವ ಫೋಟೋಗ್ರಾಫರ್ ಆಗಿ ಹೊರಟರು. ಹೆಂಡತಿ ಬೀದಿಯಲ್ಲಿ ಕ್ಯಾಮೆರಾ ಹಿಡಿದು, ಗಂಡ ಕತ್ತಲೆ ಕೋಣೆಯಲ್ಲಿ ಗಾಜಿನ ಫಲಕ ತೊಳೆಯುತ್ತ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಈ ಕಾಲಕ್ಕೂ ಅಲ್ಲ.

ಮೊದಲು ಹೆಸರು ಹಾಕಿದ್ದು ಸಣ್ಣ ಪತ್ರಿಕೆ

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ವಾದಕ್ಕೆ ಬೇಕಾದ ಸಂಗತಿ ಇಲ್ಲಿದೆ.

1899ರಲ್ಲಿ "ಬಾಸ್ಟನ್ ಪೋಸ್ಟ್" ಎಂಬ ದೊಡ್ಡ ನಗರದ ಪತ್ರಿಕೆ ಜೆಸ್ಸಿಗೆ ಮೊದಲ ಕೆಲಸ ಕೊಟ್ಟಿತ್ತು: ರಾಜ್ಯದ ಜೈಲಿನ ಫೋಟೋ ತೆಗೆಯುವುದು. ಆದರೆ ಫೋಟೋ ಕೆಳಗೆ ಅವರ ಹೆಸರು ಮೊದಲ ಬಾರಿ ಅಚ್ಚಾದದ್ದು ಅಲ್ಲಲ್ಲ. ಅದು ಅಚ್ಚಾದದ್ದು 1900ರಲ್ಲಿ, "ವಿಂಡಮ್ ಕೌಂಟಿ ರಿಫಾರ್ಮರ್" ಎಂಬ ಪತ್ರಿಕೆಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಂತೆ. ವರ್ಮಾಂಟ್ ಎಂಬ ಸಣ್ಣ ರಾಜ್ಯದ ಬ್ರಾಟಲ್‌ಬರೋ ಎಂಬ ಊರಿನಿಂದ ಬರುತ್ತಿದ್ದ ಸ್ಥಳೀಯ ಪತ್ರಿಕೆ ಅದು.

ದೊಡ್ಡ ಪತ್ರಿಕೆಗೆ ಜಾಗದ ಕೊರತೆ ಇರಲಿಲ್ಲ, ದುಡ್ಡಿನ ಕೊರತೆಯೂ ಇರಲಿಲ್ಲ. ಆದರೂ ಹೆಸರು ಹಾಕಿದ್ದು ಸಣ್ಣ ಪತ್ರಿಕೆ. ಚಿತ್ರ ತೆಗೆದವರ ಹೆಸರು ಹಾಕಲು ಹಣ ಬೇಕಿಲ್ಲ, ಯಂತ್ರ ಬೇಕಿಲ್ಲ. ಒಂದು ಸಾಲು ಅಕ್ಷರ ಸಾಕು, ಮತ್ತೆ ಹಾಕಬೇಕು ಎಂಬ ಮನಸ್ಸು. ನಮ್ಮ ತಾಲ್ಲೂಕು ವಾರಪತ್ರಿಕೆಗಳಿಗೂ, ಯೂಟ್ಯೂಬ್ ಸುದ್ದಿ ವಾಹಿನಿ ನಡೆಸುವ ಗೆಳೆಯರಿಗೂ ನಾವು ಹೇಳುವುದು ಇದೇ. "ನಾವು ಸಣ್ಣವರು, ನಮ್ಮಿಂದ ಏನಾಗುತ್ತೆ" ಅನ್ನಬೇಡಿ. ಬೆಂಗಳೂರಿನವರು ಮಾಡದ್ದನ್ನು ನೀವು ನಾಳೆ ಬೆಳಿಗ್ಗೆಯಿಂದಲೇ ಮಾಡಬಹುದು.

ಪತ್ರಿಕೆಗೆ ಫೋಟೋಗ್ರಾಫರ್ ಯಾಕೆ ಬೇಕಾಯಿತು?

ಅಷ್ಟು ಹೊತ್ತಿಗೆ ಪತ್ರಿಕೆಗಳಲ್ಲಿ ಒಂದು ದೊಡ್ಡ ಬದಲಾವಣೆ ಆಗಿತ್ತು. ಅದಕ್ಕೂ ಮೊದಲು ಫೋಟೋವನ್ನು ನೇರವಾಗಿ ಪತ್ರಿಕೆಯಲ್ಲಿ ಅಚ್ಚು ಹಾಕಲು ಬರುತ್ತಿರಲಿಲ್ಲ. ಫೋಟೋ ನೋಡಿಕೊಂಡು ಒಬ್ಬ ಕಲಾವಿದ ಗೆರೆಗಳಲ್ಲಿ ಚಿತ್ರ ಬರೆಯಬೇಕು, ಅದನ್ನು ಮರದ ಅಚ್ಚಿನಲ್ಲಿ ಕೆತ್ತಬೇಕು, ಆಮೇಲೆ ಮುದ್ರಿಸಬೇಕು. ಆಮೇಲೆ "ಹಾಫ್‌ಟೋನ್" ಎಂಬ ವಿಧಾನ ಬಂತು. ಫೋಟೋವನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಅಚ್ಚು ಮಾಡುವುದು. ಕಪ್ಪು ಬೇಕಾದಲ್ಲಿ ದಪ್ಪ ಚುಕ್ಕಿ, ಬಿಳಿ ಬೇಕಾದಲ್ಲಿ ಸಣ್ಣ ಚುಕ್ಕಿ. ಇವತ್ತಿನ ಪತ್ರಿಕೆಯ ಫೋಟೋವನ್ನೂ ಕಣ್ಣಿಗೆ ಹತ್ತಿರ ಹಿಡಿದು, ಇಲ್ಲವೇ ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ, ಆ ಚುಕ್ಕಿಗಳು ಕಾಣುತ್ತವೆ. ನ್ಯೂಯಾರ್ಕಿನ "ಡೈಲಿ ಗ್ರಾಫಿಕ್" ಪತ್ರಿಕೆ 1880ರಲ್ಲಿ ಇಂಥ ಒಂದು ಚಿತ್ರ ಹಾಕಿತ್ತು. ಎಲ್ಲ ಪತ್ರಿಕೆಗಳಿಗೂ ಅದು ರೂಢಿಯಾಗಲು ಮತ್ತೆ ಹತ್ತಿಪ್ಪತ್ತು ವರ್ಷ ಹಿಡಿಯಿತು.

ಚಿತ್ರ ಅಚ್ಚಾಗುವುದು ಸುಲಭವಾದ ಮೇಲೆ ದಿನಾ ಚಿತ್ರ ಬೇಕಾಯಿತು. ದಿನಾ ಚಿತ್ರ ಬೇಕಾದ ಮೇಲೆ ಸ್ಟುಡಿಯೋದವರನ್ನು ಬೇಡುತ್ತ ಕೂರಲಾಗದು. ಹಾಗೆ ಹುಟ್ಟಿದ್ದು "ಸ್ಟಾಫ್ ಫೋಟೋಗ್ರಾಫರ್" ಎಂಬ ನೌಕರಿ.

ಊರೂರು ಸುತ್ತಿ ಕೈಯಲ್ಲಿದ್ದ ದುಡ್ಡು ಖಾಲಿಯಾದ ಮೇಲೆ ಜೆಸ್ಸಿ ಮತ್ತು ಆಲ್ಫ್ರೆಡ್ 1901ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ನೆಲೆ ನಿಂತರು. ಅಲ್ಲಿ "ಬಫಲೋ ಇನ್‌ಕ್ವೈರರ್" ಮತ್ತು "ಬಫಲೋ ಕೊರಿಯರ್" ಪತ್ರಿಕೆಗಳು ಜೆಸ್ಸಿಯನ್ನು ಸ್ಟಾಫ್ ಫೋಟೋಗ್ರಾಫರ್ ಆಗಿ ತೆಗೆದುಕೊಂಡವು. ಸಂಪಾದಕರ ಮನಸ್ಸು ಗೆದ್ದದ್ದು ಒಂದು ಬಾತುಕೋಳಿ ಫೋಟೋ. ಬಾತುಕೋಳಿಗಳು ಸಾಲಾಗಿ ಒದ್ದಾಡುತ್ತ ನಡೆದು ಹೋಗುತ್ತಿದ್ದವು. ಜೆಸ್ಸಿ ಅದಕ್ಕೆ ಕೊಟ್ಟ ತಲೆಬರಹ "ನಡೆಯಿರಿ ಆಲ್ಬನಿಗೆ" ಎಂಬ ಅರ್ಥದ್ದು. ಆಲ್ಬನಿ ಆ ರಾಜ್ಯದ ರಾಜಧಾನಿ. ಶಾಸಕರು ಅಧಿವೇಶನಕ್ಕೆ ಹೋಗುವುದು ಅಲ್ಲಿಗೇ. ಓದುಗರಿಗೆ ತಕ್ಷಣ ಅರ್ಥವಾಗಿರಬೇಕು! ಒಳ್ಳೆ ಫೋಟೋ ಇದ್ದರೆ ಸಾಲದು, ಕೆಳಗಿನ ಸಾಲೂ ಚೆನ್ನಾಗಿರಬೇಕು ಎಂದು ನಮ್ಮ ಮೇಷ್ಟ್ರು ಕ್ಲಾಸಿನಲ್ಲಿ ಹೇಳುತ್ತಿದ್ದುದು ಇದನ್ನೇ.

22 ಕಿಲೋ ಹೊತ್ತು

ಈಗ ನಾವು ಜೇಬಿನಿಂದ ಫೋನ್ ತೆಗೆದು ಕ್ಲಿಕ್ ಮಾಡುತ್ತೇವೆ. ಜೆಸ್ಸಿ ಹೊರುತ್ತಿದ್ದ ಕ್ಯಾಮೆರಾ, ಅದರ ಸರಂಜಾಮು ಎಲ್ಲ ಸೇರಿ ಸುಮಾರು 50 ಪೌಂಡ್ ತೂಕ. ಅಂದರೆ 22 ಕಿಲೋಗೂ ಹೆಚ್ಚು. ಅರ್ಧ ಮೂಟೆ ಸಿಮೆಂಟ್ ಎಂದುಕೊಳ್ಳಿ. 8 ಇಂಚು ಅಗಲ 10 ಇಂಚು ಉದ್ದದ ಗಾಜಿನ ಫಲಕಗಳು. ಬಿದ್ದರೆ ಒಡೆಯುತ್ತವೆ. ಮೈಮೇಲೆ ಆ ಕಾಲದ ಹೆಂಗಸರ ಉಡುಪು: ನೆಲ ಗುಡಿಸುವಷ್ಟು ಉದ್ದದ ಲಂಗ, ಬಿಗಿಯಾದ ಒಳ ಅಂಗಿ, ದೊಡ್ಡ ಟೋಪಿ. ಇಷ್ಟೆಲ್ಲ ಇಟ್ಟುಕೊಂಡು ಏಣಿ ಹತ್ತುತ್ತಿದ್ದರು. ಸುದ್ದಿ ಫೋಟೋಗ್ರಾಫರಿಗೆ ಏನು ಬೇಕು ಎಂದು ಅವರೇ ಒಂದು ಕಡೆ ಬರೆದಿದ್ದಾರೆ: ಆರೋಗ್ಯ ಬೇಕು, ಸುದ್ದಿಯ ವಾಸನೆ ಹಿಡಿಯುವ ಮೂಗು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನುಗ್ಗಿ ಕೆಲಸ ಮಾಡುವ ಚುರುಕು ಬೇಕು ಎಂಬುದು ಅದರ ಸಾರ.

1903ರಲ್ಲಿ ಬಫಲೋದಲ್ಲಿ ಎಡ್ವಿನ್ ಬರ್ಡಿಕ್ ಎಂಬ ವ್ಯಾಪಾರಿಯ ಕೊಲೆಯಾಯಿತು. ಊರೆಲ್ಲ ಅದೇ ಮಾತು. ವಿಚಾರಣೆ ನಡೆಯುವ ಕೋಣೆಯೊಳಗೆ ಕ್ಯಾಮೆರಾ ಬಿಡುವಂತಿರಲಿಲ್ಲ. ಜೆಸ್ಸಿ ಏನು ಮಾಡಿದರು ಅಂದರೆ, ಎತ್ತರದ ಒಂದು ಪುಸ್ತಕದ ಕಪಾಟು ಹತ್ತಿ, ಬಾಗಿಲ ಮೇಲಿನ ಗಾಜಿನ ಕಿಂಡಿಯಿಂದ ಒಳಗಿನ ಫೋಟೋ ತೆಗೆದರು. ಬೇರೆ ಯಾರಿಗೂ ಸಿಗದ ಚಿತ್ರ ಅವರ ಪತ್ರಿಕೆಗೆ ಸಿಕ್ಕಿತು.

ಜೆಸ್ಸಿ ಬಗ್ಗೆ ಬರೆಯುವವರೆಲ್ಲ ಈ ಪ್ರಸಂಗವನ್ನು ಮೆಚ್ಚುಗೆಯಿಂದ ಹೇಳುತ್ತಾರೆ. ಧೈರ್ಯಕ್ಕೆ ನಮ್ಮ ಮೆಚ್ಚುಗೆಯೂ ಇದೆ. ಆದರೆ ನಮ್ಮ ಗುಂಪಿನಲ್ಲಿ ಇದರ ಮೇಲೆ ಜಗಳವೇ ಆಯಿತು. ಸಾವಿನ ಮನೆಯ ಕಿಟಕಿಯಲ್ಲಿ ಮೊಬೈಲ್ ತೂರಿಸುವವರನ್ನು ನಾವು ದಿನಾ ನೋಡುತ್ತೇವೆ. ಅವರೂ ಇದನ್ನೇ ಹೇಳುತ್ತಾರೆ: "ಸುದ್ದಿ ಬೇಕಲ್ಲ ಸಾರ್." ಕೊನೆಗೆ ನಾವು ಒಪ್ಪಿದ್ದು ಇಷ್ಟಕ್ಕೆ. ಅಧಿಕಾರದಲ್ಲಿರುವವರು ಮುಚ್ಚಿದ ಬಾಗಿಲಿಗೆ ಏಣಿ ಹಾಕುವುದು ಒಂದು, ಸಂಕಟದಲ್ಲಿರುವವರು ಮುಚ್ಚಿಕೊಂಡ ಬಾಗಿಲಿಗೆ ಏಣಿ ಹಾಕುವುದು ಇನ್ನೊಂದು. ಜೆಸ್ಸಿ ಹತ್ತಿದ ಕಪಾಟು ಎರಡರ ನಡುವೆ ಎಲ್ಲೋ ಇದೆ. ಅದನ್ನು ಪಾಠ ಎಂದು ನಾವು ಕಣ್ಣುಮುಚ್ಚಿ ಕಲಿಯಬೇಕಿಲ್ಲ.

ಮೇಳದಲ್ಲಿ ಕಂಡವರು, ಕಾಣದ ಹೆಸರು

1904ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಇನ್ನೊಂದು ವಿಶ್ವ ಮೇಳ. ಪತ್ರಿಕೆ ಕಡೆಯಿಂದ ಜೆಸ್ಸಿ ಹೋದರು. ಅನುಮತಿ ಚೀಟಿ ಕೊಡುವ ಹೊತ್ತು ಮೀರಿತ್ತು. ಅಧಿಕಾರಿಗಳ ಬೆನ್ನು ಬಿಡದೆ ಓಡಾಡಿ ಅದನ್ನು ಪಡೆದರು. ಉದ್ದ ಏಣಿಯ ತುದಿಗೆ ಹತ್ತಿ ತೆಗೆದರು, ಬಲೂನಿನಲ್ಲಿ ಮೇಲೆ ಹೋಗಿ ತೆಗೆದರು. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಮೇಳಕ್ಕೆ ಬಂದಾಗ ಬೆನ್ನು ಬಿಡದೆ ಹಿಂಬಾಲಿಸಿ ಒಂದಾದ ಮೇಲೊಂದು ಚಿತ್ರ ತೆಗೆದರು. ಮರುವರ್ಷ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ರೂಸ್ವೆಲ್ಟ್ ತನ್ನ ಹಳೆಯ ಸೈನಿಕ ಗೆಳೆಯರನ್ನು ಸೇರಿದಾಗ ಅಲ್ಲಿಗೂ ಇವರಿಗೆ ಪ್ರವೇಶ ಸಿಕ್ಕಿತು. ಬಫಲೋ ಪತ್ರಿಕೆಗಳಿಗಷ್ಟೇ ಅಲ್ಲ, ನ್ಯೂಯಾರ್ಕಿನ ಪತ್ರಿಕೆಗಳಿಗೂ ಇವರ ಚಿತ್ರ ಹೋಗತೊಡಗಿತು.

ಆದರೆ ಆ ಮೇಳದ ಇನ್ನೊಂದು ಮುಖವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅಲ್ಲಿ ಮನುಷ್ಯರನ್ನೇ ತಂದು ಪ್ರದರ್ಶನಕ್ಕೆ ಇಟ್ಟಿದ್ದರು. ಆಗ ಅಮೆರಿಕದ ಕೈಕೆಳಗಿದ್ದ ಫಿಲಿಪೀನ್ಸ್ ದೇಶದಿಂದ ಸಾವಿರಕ್ಕೂ ಹೆಚ್ಚು ಜನರನ್ನು ಕರೆತಂದಿದ್ದರು. ಅಮೆರಿಕದ ಮೂಲನಿವಾಸಿಗಳನ್ನು, ಜಪಾನಿನ ಐನು ಜನರನ್ನು, ಆಫ್ರಿಕಾದ ಜನರನ್ನು ತಂದು, ಗುಡಿಸಲು ಹಾಕಿಸಿ, ಟಿಕೆಟ್ ಕೊಂಡು ಬಂದವರು ನೋಡುವಂತೆ ಕೂರಿಸಿದ್ದರು. "ಯಾವ ಜನ ಎಷ್ಟು ನಾಗರಿಕರು" ಎಂದು ತೋರಿಸುವುದು ಅದರ ಉದ್ದೇಶ. ಜಾತಿಯ ಏಣಿ ನೋಡಿ ಬೆಳೆದ ನಮಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ.

ಜೆಸ್ಸಿ ಆ ಜನರ ಫೋಟೋಗಳನ್ನೂ ತೆಗೆದರು. ಬೇರೆಯವರು ಗೋಡೆಗೆ ನಿಲ್ಲಿಸಿ ಅಳತೆ ತೆಗೆಯುವ ಹಾಗೆ ಫೋಟೋ ತೆಗೆದರೆ, ಇವರು ಅವರು ಅಡುಗೆ ಮಾಡುವಾಗ, ಮಕ್ಕಳನ್ನು ಎತ್ತಿಕೊಂಡಾಗ, ಬಂದವರ ಜೊತೆ ಮಾತಾಡುವಾಗ ತೆಗೆದದ್ದುಂಟು. ಆ ಮಟ್ಟಿಗೆ ಅವು ಮೇಲು. ಆದರೂ ಎಷ್ಟೋ ಚಿತ್ರಗಳ ಕೆಳಗೆ ಇರುವುದು ಬುಡಕಟ್ಟಿನ ಹೆಸರು. ಆ ಮನುಷ್ಯನ ಹೆಸರಿಲ್ಲ. ತನ್ನ ಹೆಸರಿಗಾಗಿ ಅಷ್ಟು ದುಡಿದವರ ಚಿತ್ರದೊಳಗೇ ಹೆಸರಿಲ್ಲದ ಜನ.

ಇದನ್ನು ಓದಿದಾಗ ನಾವು ನಮ್ಮ ಗೆಳೆಯನನ್ನು ಕೇಳಿದೆವು: "ಆ ಸೇತುವೆ ಫೋಟೋದಲ್ಲಿರುವ ಹುಡುಗಿಯರ ಹೆಸರೇನೋ?" ಅವನು ಸುಮ್ಮನಾದ. ಅವನಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. "ನಮ್ಮ ಹೆಸರು ಹಾಕಲಿಲ್ಲ" ಎಂದು ಗಂಟೆಗಟ್ಟಲೆ ಕೂಗಾಡಿದವರು ನಾವೇ.

ಮಕ್ಕಳ ವಿಷಯದಲ್ಲಿ ಹೆಸರು ಅಚ್ಚು ಹಾಕಬೇಕೋ ಬೇಡವೋ ಎಂಬುದು ಬೇರೆ ಮಾತು. ಮನೆಯವರನ್ನು ಕೇಳಬೇಕು. ಹೆಸರು ಹಾಕಿದರೆ ತೊಂದರೆ ಆಗುವಂತಿದ್ದರೆ ಬಿಡಬೇಕು. ಆದರೆ ಗೊತ್ತಿದ್ದು ಬಿಡುವುದಕ್ಕೂ, ಕೇಳುವ ಗೋಜಿಗೇ ಹೋಗದೆ ಬಿಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ಹೆಸರು ಉಳಿಯಿತು, ಚಿತ್ರ ಹೋಯಿತು

1905ರಲ್ಲಿ ಜೆಸ್ಸಿ ನ್ಯೂಯಾರ್ಕ್ ನಗರಕ್ಕೆ ಬಂದು ಸ್ವಂತ ಸ್ಟುಡಿಯೋ ತೆರೆದರು. ಲೇಖಕರು, ಕಲಾವಿದರು, ದೇಶದ ಅಧ್ಯಕ್ಷರು, ಕಾರು ರೇಸು, ಸಿರಿವಂತರ ಮನೆಗಳು, ಬಡವರ ಕೇರಿಗಳಲ್ಲಿ ಬೆಳೆಯುವ ಮಕ್ಕಳು, ಎಲ್ಲವನ್ನೂ ತೆಗೆದರು. ಬರಹಗಾರ ಮಾರ್ಕ್ ಟ್ವೇನ್ ಇವರ ಕ್ಯಾಮೆರಾ ಮುಂದೆ ಕೂತಿದ್ದಾರೆ. ಗ್ರೀನಿಚ್ ವಿಲೇಜ್ ಎಂಬ ಕಲಾವಿದರ ಬಡಾವಣೆಯ ಚಹಾ ಅಂಗಡಿಗಳು, ಪುಟ್ಟ ಅಂಗಡಿಗಳು, ಅಲ್ಲಿನ ಜನ ಹೇಗಿದ್ದರು ಎಂದು ಇವತ್ತು ತಿಳಿಯಬೇಕಾದರೆ ಇವರ ಚಿತ್ರಗಳನ್ನೇ ನೋಡಬೇಕು.

1911ರಲ್ಲಿ ಮಗಳು ನ್ಯಾನೆಟ್ ಹುಟ್ಟಿದಳು. ಮಗುವಿಗೆ ಚಿಕ್ಕಂದಿನಲ್ಲೇ ಕೀಲು ನೋವಿನ ಕಾಯಿಲೆ. 1917ರಲ್ಲಿ ಜೆಸ್ಸಿ ಗಂಡನಿಂದ ದೂರವಾದರು. ಒಬ್ಬಂಟಿ ದುಡಿಮೆ, ಮಗಳ ಆಸ್ಪತ್ರೆ ಖರ್ಚು, ಹಾಸ್ಟೆಲ್ ಖರ್ಚು. ಸಂಬಳದ ನೌಕರಿ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಫೋಟೋ ಮಾರಿದರೆ ಊಟ. ಅಷ್ಟರಲ್ಲಿ ಹಗುರ ಕ್ಯಾಮೆರಾಗಳು ಬಂದವು, ಈ ಕೆಲಸಕ್ಕೆ ಹೊಸ ಜನ ತುಂಬ ಬಂದರು. ಅವರು ತೋಟಗಳ, ಮನೆಗಳ ಫೋಟೋ ತೆಗೆಯುವ ಕಡೆ ತಿರುಗಿದರು. 1928ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಸಿರಿವಂತರ ಬಂಗಲೆ ತೋಟಗಳನ್ನು ತೆಗೆಯತೊಡಗಿದರು. ಮರುವರ್ಷವೇ ಷೇರು ಪೇಟೆ ಕುಸಿದು ಮಹಾ ಆರ್ಥಿಕ ಕುಸಿತ ಬಂತು. ಕೆಲಸ ನಿಂತಿತು. ನ್ಯೂಯಾರ್ಕಿಗೆ ಮರಳಿದರು.

1942ರ ಮೇ ತಿಂಗಳ ಕೊನೆಗೆ, ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಧರ್ಮಾರ್ಥ ವಾರ್ಡಿನಲ್ಲಿ ತೀರಿಕೊಂಡರು. 71 ವರ್ಷ. ಸ್ಟಾಫ್ ಫೋಟೋಗ್ರಾಫರ್ ಎಂದು ಹೆಸರು ಮಾಡಿದವರು, ಅಧ್ಯಕ್ಷರನ್ನು ಹಿಂಬಾಲಿಸಿ ಚಿತ್ರ ತೆಗೆದವರು.

ಇದಕ್ಕಿಂತ ನಮ್ಮನ್ನು ಕಾಡಿದ್ದು ಇನ್ನೊಂದು. ಗಾಜಿನ ಫಲಕಗಳು ಭಾರ. ಇಡಲು ಜಾಗ ಬೇಕು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವವರಿಗೆ ಜಾಗ ಎಲ್ಲಿಂದ ಬರಬೇಕು? ಅವರು ತೆಗೆದ ಚಿತ್ರಗಳಲ್ಲಿ ಎಷ್ಟೋ ಹೀಗೇ ಹಾಳಾದವು, ಚದುರಿ ಹೋದವು. ಅವರು ತೀರಿಕೊಂಡ ಮೇಲೆ ಅಲೆಕ್ಸಾಂಡರ್ ಅಲೆಂಡ್ ಎಂಬ ಇನ್ನೊಬ್ಬ ಫೋಟೋಗ್ರಾಫರ್ ಉಳಿದದ್ದನ್ನು ಹುಡುಕಿ ಒಟ್ಟು ಮಾಡಿ, 1978ರಲ್ಲಿ ಅವರ ಜೀವನ ಕಥೆ ಬರೆದರು. ಜೇಕಬ್ ರೀಸ್ ಎಂಬ ಹಳೆಯ ಪತ್ರಕರ್ತ ನ್ಯೂಯಾರ್ಕಿನ ಬಡವರ ಬದುಕಿನ ಬಗ್ಗೆ ತೆಗೆದಿದ್ದ ಗಾಜಿನ ಫಲಕಗಳನ್ನು ಪತ್ತೆ ಮಾಡಿ ಉಳಿಸಿದವರೂ ಇದೇ ಅಲೆಂಡ್. ಜೆಸ್ಸಿಯ ಉಳಿದ ಚಿತ್ರಗಳು ಇವತ್ತು ಹಾರ್ವರ್ಡ್ ವಿಶ್ವವಿದ್ಯಾಲಯದ ಶ್ಲೆಸಿಂಜರ್ ಗ್ರಂಥಾಲಯದಂಥ ಕಡೆ ಭದ್ರವಾಗಿವೆ.

ನಮ್ಮ ದೇಶದ ಒಂದು ಉದಾಹರಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹೋಮಾಯಿ ವ್ಯಾರಾವಾಲಾ, 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದವರು, ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಇವರ ಮೊದಮೊದಲ ಚಿತ್ರಗಳು ಅಚ್ಚಾದದ್ದು ಗಂಡ ಮಾಣೆಕ್‌ಷಾ ಅವರ ಹೆಸರಿನಲ್ಲಿ. ಅಂದರೆ ಇವರಿಗೆ ಆರಂಭದಲ್ಲಿ ಹೆಸರೇ ಇರಲಿಲ್ಲ. ಆದರೆ ಅವರ ನೆಗೆಟಿವ್‌ಗಳನ್ನು, ಪ್ರಿಂಟುಗಳನ್ನು ದೆಹಲಿಯ ಅಲ್ಕಾಜಿ ಫೌಂಡೇಶನ್ ಕಾಪಾಡಿ ಇಟ್ಟಿದೆ. ಸ್ವಾತಂತ್ರ್ಯದ ಆಸುಪಾಸಿನ ದೆಹಲಿಯನ್ನು ಇವತ್ತು ನಾವು ಅವರ ಕಣ್ಣಿನಿಂದ ನೋಡುತ್ತೇವೆ. 2011ರಲ್ಲಿ ಪದ್ಮವಿಭೂಷಣ ಬಂದಾಗ ಅವರಿಗೆ 97 ವರ್ಷ. ಒಬ್ಬರಿಗೆ ಹೆಸರು ಬೇಗ ಸಿಕ್ಕಿತು, ಚಿತ್ರಗಳು ಕೈಬಿಟ್ಟವು. ಇನ್ನೊಬ್ಬರಿಗೆ ಹೆಸರು ತಡವಾಗಿ ಬಂತು, ಚಿತ್ರಗಳು ಉಳಿದವು. ಎರಡೂ ಬೇಕು ಎಂದು ಕೇಳುವುದು ಅತಿಯಾಸೆ ಏನಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲು ಕಾನೂನು. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ಕೂಡ ಒಂದು ಕೃತಿ. ನೀವು ಯಾರ ಸಂಬಳದ ನೌಕರರೂ ಅಲ್ಲದೆ, ಯಾರಿಂದಲೂ ದುಡ್ಡು ಪಡೆದು ಅವರಿಗಾಗಿ ತೆಗೆದದ್ದೂ ಅಲ್ಲದಿದ್ದರೆ, ಆ ಫೋಟೋದ ಮೊದಲ ಹಕ್ಕುದಾರರು ನೀವೇ. ಮದುವೆ ಮನೆಯವರು ಹಣ ಕೊಟ್ಟು ತೆಗೆಸಿದ ಫೋಟೋ, ಪತ್ರಿಕೆಯ ನೌಕರಿಯಲ್ಲಿದ್ದು ಪತ್ರಿಕೆಗಾಗಿ ತೆಗೆದ ಫೋಟೋ, ಇವುಗಳ ಲೆಕ್ಕ ಬೇರೆ. ಆದರೆ ಹಕ್ಕು ಬೇರೆಯವರಿಗೆ ಬರೆದುಕೊಟ್ಟ ಮೇಲೂ "ಇದು ನಾನು ತೆಗೆದದ್ದು" ಎಂದು ಹೇಳಿಕೊಳ್ಳುವ ಹಕ್ಕನ್ನು ಆ ಕಾಯ್ದೆಯ 57ನೇ ಸೆಕ್ಷನ್ ಕೊಡುತ್ತದೆ. ಆದ್ದರಿಂದ "ವಾಟ್ಸಾಪಲ್ಲಿ ಬಂದಿತ್ತು" ಎಂಬುದು ಉತ್ತರವಲ್ಲ, ನೆಪ.

ಪತ್ರಿಕೆಯವರಿಗೆ ನಮ್ಮ ಮಾತು: ಫೋಟೋ ಯಾರದು ಎಂದು ಗೊತ್ತಿಲ್ಲದಿದ್ದರೆ ಕಳಿಸಿದವರನ್ನು ಕೇಳಿ, ಅವರು ಅವರಿಗೆ ಕಳಿಸಿದವರನ್ನು ಕೇಳಲಿ. ಒಂದು ತಾಲ್ಲೂಕಿನೊಳಗೆ ನಾಲ್ಕು ಫೋನಿನಲ್ಲಿ ಮೂಲ ಸಿಗುತ್ತದೆ. ಸುದ್ದಿಯನ್ನು ಖಾತ್ರಿ ಮಾಡಿಕೊಳ್ಳಲೂ ಇದೇ ದಾರಿ. ಯಾರು, ಯಾವಾಗ, ಎಲ್ಲಿ ತೆಗೆದದ್ದು ಎಂದು ಕೇಳದೆ ಹಾಕಿದ ಫೋಟೋ ಹೋದ ವರ್ಷದ್ದೋ ಬೇರೆ ರಾಜ್ಯದ್ದೋ ಆಗಿ ಪತ್ರಿಕೆಯ ಮಾನ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಹೆಸರು ಹಾಕುವುದು ದಾನವಲ್ಲ, ಅದು ಪತ್ರಿಕೆಗೂ ರಕ್ಷಣೆ. ಒಂದು ಫೋಟೋಗೆ ಎಷ್ಟು ಕೊಡುತ್ತೀರಿ ಎಂದು ಮೊದಲೇ ಹೇಳಿ. ಕಡಿಮೆ ಇದ್ದರೂ ಪರವಾಗಿಲ್ಲ, ಹೇಳಿ.

ಫೋಟೋ ತೆಗೆಯುವ ನಮಗೇ ನಮ್ಮ ಮಾತು: ವಾಟ್ಸಾಪಿನಲ್ಲಿ ಫೋಟೋವನ್ನು ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ. ಯಾವಾಗ, ಯಾವ ಫೋನಿನಲ್ಲಿ ತೆಗೆದದ್ದು ಎಂದು ಫೈಲಿನೊಳಗೆ ಅಡಗಿರುವ ಮಾಹಿತಿಯೂ ಅಳಿಸಿ ಹೋಗುತ್ತದೆ. ಪತ್ರಿಕೆಗೆ ಕಳಿಸುವಾಗ "ಡಾಕ್ಯುಮೆಂಟ್" ಆಗಿ ಕಳಿಸಿ. ಜೊತೆಗೆ ನಿಮ್ಮ ಹೆಸರು, ಊರು, ದಿನಾಂಕ, ಚಿತ್ರದಲ್ಲಿರುವವರು ಯಾರು ಎಂದು ಎರಡು ಸಾಲು ಬರೆಯಿರಿ. ಮೂಲ ಫೈಲನ್ನು ಅಳಿಸಬೇಡಿ. "ಸ್ಟೋರೇಜ್ ಫುಲ್" ಎಂದು ಫೋನ್ ಕೂಗಿದಾಗ ನಾವು ಮೊದಲು ಅಳಿಸುವುದು ಹಳೆಯ ಫೋಟೋಗಳನ್ನೇ. ಜೆಸ್ಸಿಯ ಗಾಜಿನ ಫಲಕಕ್ಕೆ ಜಾಗ ಇರಲಿಲ್ಲ. ನಮ್ಮ ಫೈಲಿಗೂ ಜಾಗ ಇಲ್ಲ ಅಂದರೆ ಕತೆ ಅದೇ ಆಯಿತು. ಒಂದು ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್ ತಂದು, ಇಸವಿ ತಿಂಗಳು ಹಾಕಿ, ಎರಡು ಕಡೆ ಇಡಿ. ಒಬ್ಬರಿಗೆ ಆಗದಿದ್ದರೆ ನಾಲ್ಕು ಜನ ಸೇರಿ ಕೊಳ್ಳಿ.

ಓದುಗರಿಗೆ ಒಂದೇ ಮಾತು: ಫೋಟೋ ಫಾರ್ವರ್ಡ್ ಮಾಡುವಾಗ ಕೆಳಗಿನ ಹೆಸರು ಕತ್ತರಿಸಬೇಡಿ.

ಕೊನೆಗೆ ನಿಮ್ಮೂರಿನ ಹಳೆಯ ಸ್ಟುಡಿಯೋ. ಬಸ್ ನಿಲ್ದಾಣದ ಪಕ್ಕದ ಆ ಮಾಳಿಗೆ ಅಂಗಡಿ, ನಿಮ್ಮಮ್ಮನ ಮದುವೆಗೆ ಮುಂಚಿನ ಫೋಟೋ ತೆಗೆದದ್ದು ಅಲ್ಲೇ ಇರಬೇಕು. ಅಲ್ಲಿ ಅಟ್ಟದ ಮೇಲೆ ನೆಗೆಟಿವ್ ತುಂಬಿದ ಡಬ್ಬಗಳು ಇದ್ದರೂ ಇರಬಹುದು. ಹಳೆಯ ಸಂತೆ, ಒಡೆದು ಹೋದ ಕೆರೆ, ರಸ್ತೆ ಅಗಲೀಕರಣಕ್ಕೆ ಮುಂಚಿನ ಪೇಟೆ ಬೀದಿ, ಎಲ್ಲ ಅದರೊಳಗೆ ಇರಬಹುದು. ಗುಜರಿಗೆ ಹೋಗುವ ಮುಂಚೆ ಒಮ್ಮೆ ಹೋಗಿ ಕೇಳಿ. ಸ್ಟುಡಿಯೋದ ಯಜಮಾನರ ಹೆಸರನ್ನೂ ಕೇಳಿ ಬರೆದುಕೊಳ್ಳಿ.

ನಮ್ಮ ಗೆಳೆಯ ಮುಂದಿನ ವಾರ ಆ ಹುಡುಗಿಯರ ಶಾಲೆಗೆ ಹೋಗುತ್ತಾನಂತೆ, ಫೋಟೋದ ಪ್ರಿಂಟ್ ಹಾಕಿಸಿಕೊಂಡು. ಒಬ್ಬೊಬ್ಬರಿಗೆ ಒಂದೊಂದು. ಹಿಂದೆ ಅವರ ಹೆಸರು ಬರೆದು, ಕೆಳಗೆ ತನ್ನ ಹೆಸರು ಬರೆಯುತ್ತಾನಂತೆ.